ಸಹಿ ಅಪ್ಪ ಅಮ್ಮನದು, ಮಾತು ಮಗುವಿನದು

ಮಗನ ಹರ್ನಿಯಾ ಆಪರೇಷನ್ನಿಗೆ ಸಹಿ ಹಾಕುವ ಮುಂಚೆ ಅಪ್ಪ ಹತ್ತು ಪ್ರಶ್ನೆ ಕೇಳುತ್ತಾರೆ. ಎಷ್ಟು ಹೊತ್ತು ಹಿಡಿಯುತ್ತದೆ, ಪೂರ್ತಿ ಅರಿವಳಿಕೆ ಕೊಡುತ್ತೀರಾ, ಹೊಲಿಗೆ ಯಾವಾಗ ಬಿಚ್ಚುತ್ತೀರಿ, ಮುಂದೆ ಏನಾದರೂ ತೊಂದರೆ ಇದೆಯಾ. ಅದೇ ಅಪ್ಪ ಅದೇ ಮಗನನ್ನು, ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಾನೆಂದು ಮನಃಶಾಸ್ತ್ರಜ್ಞರ ಬಳಿ ಕರೆತಂದಾಗ ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಸಿಟ್ಟಿಂಗ್ ಬೇಕಾಗುತ್ತೆ ಮೇಡಂ?' ಅದರ ಬೆನ್ನಿಗೇ ಒಂದು ಕೋರಿಕೆ: 'ನೀವೇ ಎರಡು ಮಾತು ಬುದ್ಧಿ ಹೇಳಿ, ನಮ್ಮ ಮಾತು ಕೇಳಲ್ಲ.' ಎದುರಿಗಿಟ್ಟ ಫಾರಂ ಓದದೆಯೇ ಸಹಿ ಬೀಳುತ್ತದೆ.

ಇದನ್ನು ನಿರ್ಲಕ್ಷ್ಯ ಎನ್ನಲಾಗದು. ಮಗುವನ್ನು ಅಲ್ಲಿಗೆ ಕರೆತರುವ ಹೊತ್ತಿಗೆ ಆ ತಂದೆ ತಾಯಿ ಸಾಕಷ್ಟು ಸೋತಿರುತ್ತಾರೆ. ಶಾಲೆಯಿಂದ ದೂರು ಬಂದಿರುತ್ತದೆ, ಹರಕೆ ಹೊತ್ತಾಗಿರುತ್ತದೆ, ತಾಯಿತ ಕಟ್ಟಿಸಿಯಾಗಿರುತ್ತದೆ, ನೆಂಟರಿಗೆ ಗೊತ್ತಾಗದ ಹಾಗೆ ರಜೆ ಹಾಕಿ ಬಂದಿರುತ್ತಾರೆ. ಯಾರಾದರೂ ಈ ಭಾರ ಇಳಿಸಿಕೊಂಡರೆ ಸಾಕು ಎನ್ನುವ ಸ್ಥಿತಿ. ಅದರ ಜೊತೆಗೆ ಒಂದು ನಂಬಿಕೆ: ಇಲ್ಲಿ ಚಾಕುವಿಲ್ಲ, ಇಂಜೆಕ್ಷನ್ ಇಲ್ಲ, ಬರೀ ಮಾತು. ಮಾತಿಗೇನು ಒಪ್ಪಿಗೆ?

ಮೂರ್ನಾಲ್ಕು ವಾರ ಕಳೆದ ಮೇಲೆ ಇದೇ ತಂದೆ ತಾಯಿ ಮಗುವನ್ನು ಕರೆತರುವುದು ನಿಲ್ಲಿಸುತ್ತಾರೆ. ಅಲ್ಲಿ ಬರೀ ಆಟ ಆಡಿಸ್ತಾರೆ, ಒಳಗೆ ಏನು ನಡೀತು ಅಂತ ನಮಗೇ ಹೇಳಲ್ಲ, ಹೋದ ಮೇಲೆ ಹಟ ಜಾಸ್ತಿಯಾಯ್ತು ಎಂಬ ಮಾತುಗಳು ಬರುತ್ತವೆ. ಮಕ್ಕಳ ಮನೋಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಜಗತ್ತಿನ ಎಲ್ಲೆಡೆ ಇರುವ ಸಮಸ್ಯೆ, ಕಾರಣಗಳೂ ಹಲವು. ಆದರೆ ಅವುಗಳಲ್ಲಿ ಒಂದು ದೊಡ್ಡ ಕಾರಣ ಮೊದಲ ದಿನದ ಆ ಓದದ ಸಹಿಯಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂದು ಅರ್ಧ ಗಂಟೆ ಕೂತು ವಿವರಿಸಿದ್ದರೆ, ಅಂದು ಅರ್ಧ ಗಂಟೆ ಕೂತು ಕೇಳಿದ್ದರೆ, ಎಷ್ಟೋ ಮಕ್ಕಳು ಚಿಕಿತ್ಸೆಯ ದಾರಿಯಲ್ಲಿ ಉಳಿಯುತ್ತಿದ್ದರು.

ಇದು ಬೆರಳೆಣಿಕೆಯ ಮನೆಗಳ ಮಾತಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಹುಡುಗ ಹುಡುಗಿಯರ ನಡುವೆ ಹೆಚ್ಚಿನ ವ್ಯತ್ಯಾಸವೇನೂ ಇರಲಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ತಿಳಿದು ಕೊಟ್ಟ ಒಪ್ಪಿಗೆ ಎಂದರೇನೆಂದು ಬಿಡಿಸಿ ಹೇಳುತ್ತದೆ. ಒತ್ತಾಯ, ಬೆದರಿಕೆ, ಮೋಸ ಯಾವುದೂ ಇರಬಾರದು. ಕೊಡುವ ಒಪ್ಪಿಗೆ ಒಂದು ನಿರ್ದಿಷ್ಟ ಚಿಕಿತ್ಸೆಗೆ ಮಾತ್ರ. ಆ ಚಿಕಿತ್ಸೆಯ ಲಾಭ, ಅಪಾಯ, ಅದಕ್ಕಿರುವ ಬದಲಿ ದಾರಿಗಳನ್ನು ಮೊದಲೇ ತಿಳಿಸಿರಬೇಕು. ಅದೂ ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ. ಈ ಕೊನೆಯ ಮಾತನ್ನು ನೆನೆದಾಗೆಲ್ಲ ನಾಲ್ಕು ಪುಟದ ಇಂಗ್ಲಿಷ್ ಫಾರಂಗಳು ಕಣ್ಣ ಮುಂದೆ ಬರುತ್ತವೆ. ಮನೆಯಲ್ಲಿ ಕನ್ನಡವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ತಾಯಿ ಅಂಥ ಫಾರಂ ಮೇಲೆ ಹಾಕಿದ ಸಹಿಯನ್ನು ಕಾನೂನು ಬಯಸಿದ ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದೇ ಕಾಯ್ದೆ 18 ತುಂಬದವರನ್ನು ಅಪ್ರಾಪ್ತರು ಎನ್ನುತ್ತದೆ. ಅವರ ಪರವಾಗಿ ತೀರ್ಮಾನಿಸುವ 'ನಾಮನಿರ್ದೇಶಿತ ಪ್ರತಿನಿಧಿ' ಸಾಮಾನ್ಯವಾಗಿ ಕಾನೂನುಬದ್ಧ ಪೋಷಕರೇ. ಮಗುವನ್ನು ಆಸ್ಪತ್ರೆಗೆ ದಾಖಲಿಸಬೇಕಾದಾಗ ಬಿಗಿ ನಿಯಮಗಳಿವೆ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ದಾಖಲಾದಷ್ಟು ದಿನವೂ ಆ ಪ್ರತಿನಿಧಿಯೋ ಅವರು ನೇಮಿಸಿದವರೋ ಜೊತೆಗಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಜನ ಶಾಕ್ ಟ್ರೀಟ್‌ಮೆಂಟ್ ಎಂದು ಕರೆಯುವ ಚಿಕಿತ್ಸೆಗೆ ಪೋಷಕರ ಒಪ್ಪಿಗೆಯೊಂದಿದ್ದರೆ ಸಾಲದು, ಮಂಡಳಿಯ ಮುಂಚಿತ ಅನುಮತಿಯೂ ಇಲ್ಲದೆ ಅದನ್ನು ಮಕ್ಕಳಿಗೆ ಕೊಡುವ ಹಾಗಿಲ್ಲ. ಆದರೆ ಬಹುಪಾಲು ಮಕ್ಕಳು ದಾಖಲಾಗುವುದೇ ಇಲ್ಲ. ವಾರಕ್ಕೊಮ್ಮೆ ಬಂದು, ಮುಕ್ಕಾಲು ಗಂಟೆ ಕೂತು ಹೋಗುತ್ತಾರೆ. ಆ ಮುಕ್ಕಾಲು ಗಂಟೆಯ ವಿಷಯದಲ್ಲಿ ಕಾಯ್ದೆ ತತ್ವ ಹೇಳಿ ನಿಲ್ಲುತ್ತದೆ, ಉಳಿದದ್ದು ಚಿಕಿತ್ಸಕರ ವಿವೇಕಕ್ಕೆ ಬಿಟ್ಟದ್ದು.

ಹಾಗಾದರೆ ಏನನ್ನು ವಿವರಿಸಬೇಕು? ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಹತ್ತು ವರ್ಷದ ಹುಡುಗಿ. ಕೈ ತೊಳೆದೂ ತೊಳೆದೂ ಬೆರಳ ಸಂದಿನ ಚರ್ಮ ಬಿರಿದಿದೆ. ಬಾಗಿಲ ಚಿಲಕ ಮುಟ್ಟಿದರೆ ತೊಳೆಯಬೇಕು, ಚಪ್ಪಲಿ ನೋಡಿದರೆ ತೊಳೆಯಬೇಕು. ಇದು ಗೀಳು ಕಾಯಿಲೆ. ಇದಕ್ಕೆ ಒಳ್ಳೆಯ ಫಲ ಕೊಡುವ ಚಿಕಿತ್ಸೆಯ ಕ್ರಮ ಹೀಗಿದೆ: ಮಗು ಯಾವುದಕ್ಕೆ ಎಷ್ಟು ಹೆದರುತ್ತದೆ ಎಂದು ಮಗುವಿನ ಜೊತೆಗೇ ಕೂತು ಒಂದು ಪಟ್ಟಿ ಮಾಡುತ್ತಾರೆ. ಕಡಿಮೆ ಭಯದ್ದರಿಂದ ಶುರು. ಚಿಲಕ ಮುಟ್ಟಬೇಕು, ಮುಟ್ಟಿ ಕೈ ತೊಳೆಯದೆ ಕೂರಬೇಕು. ಎದೆ ಹೊಡೆದುಕೊಳ್ಳುತ್ತದೆ, ಅಳು ಬರುತ್ತದೆ. ಹೊತ್ತು ಕಳೆದಂತೆ ಆ ಭಯ ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಏನೂ ಆಗಲಿಲ್ಲ ಎಂಬುದನ್ನು ಮಗು ಅನುಭವದಿಂದ ಕಲಿಯುತ್ತದೆ.

ಇಷ್ಟರಲ್ಲಿ ಮನೆಯಲ್ಲಿ ಏನಾಗುತ್ತಿರುತ್ತದೆ? ಅಮ್ಮ ಇಷ್ಟು ದಿನ 'ಕೈಯಲ್ಲಿ ಏನೂ ಇಲ್ಲ ಪುಟ್ಟಿ, ನೋಡು, ಕ್ಲೀನಾಗಿದೆ' ಎಂದು ದಿನಕ್ಕೆ ಮೂವತ್ತು ಸಲ ಸಮಾಧಾನ ಹೇಳುತ್ತಿದ್ದಳು. ಚಿಲಕವನ್ನು ತಾನೇ ತೆಗೆಯುತ್ತಿದ್ದಳು. ಚಿಕಿತ್ಸೆ ಅದನ್ನು ಕಡಿಮೆ ಮಾಡಿ ಎನ್ನುತ್ತದೆ, ಏಕೆಂದರೆ ಪ್ರತಿ ಸಮಾಧಾನವೂ ಗೀಳಿಗೆ ಹಾಕಿದ ಗೊಬ್ಬರ. ಮೊದಲ ಕೆಲವು ವಾರ ಮಗು ಹೆಚ್ಚು ಅಳುತ್ತದೆ, ಸಿಟ್ಟು ಮಾಡುತ್ತದೆ, ಅಜ್ಜಿ ಗದರುತ್ತಾರೆ: 'ಎಂಥ ತಾಯಿಯೇ ನೀನು, ಕೂಸು ಹಂಗೆ ಅಳೋದನ್ನ ನೋಡ್ಕೊಂಡು ಕೂತಿದ್ದೀಯಲ್ಲ!' ಇದೆಲ್ಲ ಚಿಕಿತ್ಸೆಯ ಭಾಗವೇ ಎಂದು ಆ ಅಮ್ಮನಿಗೆ ಮೊದಲೇ ಗೊತ್ತಿದ್ದರೆ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾಳೆ. ಗೊತ್ತಿಲ್ಲದಿದ್ದರೆ 'ಹೋಗೋಕೆ ಶುರು ಮಾಡಿದ ಮೇಲೆ ಹೆಚ್ಚಾಯ್ತು' ಎಂದು ಬಿಡಿಸಿಕೊಂಡು ಹೋಗುತ್ತಾಳೆ. ಅವಳ ತಪ್ಪಿಲ್ಲ. ಮಾತಿನ ಚಿಕಿತ್ಸೆಯಲ್ಲೂ ನೋವು ತಾತ್ಕಾಲಿಕವಾಗಿ ಏರುವ ಹಂತ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬದಲಿ ದಾರಿಗಳ ಮಾತೂ ಅಷ್ಟೇ ಮುಖ್ಯ. ನಾಲ್ಕೈದು ವರ್ಷದ ಮಗುವಿನ ಅತಿ ಚಟುವಟಿಕೆಗೆ ಮೊದಲು ಸೂಚಿಸುವುದು ಔಷಧವನ್ನಲ್ಲ, ತಂದೆ ತಾಯಿಗೆ ಕೊಡುವ ತರಬೇತಿಯನ್ನು. 'ತೊಂದರೆ ಮಗುವಿಗೆ ತಾನೆ, ನಮಗ್ಯಾಕೆ ಕ್ಲಾಸು?' ಎಂದು ಬೇಸರಿಸುವ ಅಪ್ಪಂದಿರಿದ್ದಾರೆ. ಇನ್ನು ಖಿನ್ನತೆಗೆ ಒಳಗಾದ ಹದಿಹರೆಯದವರಿಗೆ ಮಾತಿನ ಚಿಕಿತ್ಸೆಯ ಜೊತೆ ಔಷಧವೂ ಬೇಕಾಗಬಹುದು. ಅಂಥ ಔಷಧಗಳು ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆಯನ್ನು ಹೆಚ್ಚಿಸಬಹುದು, ಆದ್ದರಿಂದ ಮೊದಲ ವಾರಗಳಲ್ಲಿ ಕಣ್ಣಿಡಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಇದನ್ನು ಹೇಳಿದರೆ ಪೋಷಕರು ಹೆದರಿ ಓಡುತ್ತಾರೆ ಎಂಬ ಅಳುಕು ಕೆಲವು ವೈದ್ಯರಿಗಿದೆ. ಹೇಳದೆ ಮುಚ್ಚಿಟ್ಟರೆ ಕಣ್ಣಿಡುವವರಾದರೂ ಯಾರು?

ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟದ್ದಲ್ಲ ಎಂಬ ಮಾತನ್ನೂ ಇಲ್ಲಿ ಸೇರಿಸಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅದು ದೇಹದ ಶಸ್ತ್ರಚಿಕಿತ್ಸೆಯ ವ್ಯಾಜ್ಯ. ತತ್ವ ಮನಸ್ಸಿಗೂ ಅನ್ವಯಿಸುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಿಯಾಯಿತಿ ಸಿಗಲೆಂದು ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಬಂದ ಮನೆಯವರು, ಬುದ್ಧಿಮಾಪನ ಪರೀಕ್ಷೆಗೆ ಮಾತ್ರ ಒಪ್ಪಿದ್ದಾರೆ. ಆ ಹುಡುಗನ ಮನಸ್ಸಿನ ಗಾಯಗಳನ್ನು ಕೆದಕಬೇಕಾದರೆ ಮತ್ತೊಮ್ಮೆ ಕೂತು ಮಾತಾಡಬೇಕು.

ಎಲ್ಲಕ್ಕಿಂತ ಕಷ್ಟದ ವಿಷಯ ಬಾಗಿಲು ಮುಚ್ಚಿದ ಮೇಲಿನದು.

ಸೆಷನ್ ಮುಗಿಸಿ ಹೊರಬಂದ ಮಗುವನ್ನು ಸ್ಕೂಟರಿನ ಮೇಲೆ ಕೂರಿಸಿಕೊಳ್ಳುವ ಮುಂಚೆಯೇ ವಿಚಾರಣೆ ಶುರುವಾಗುತ್ತದೆ. 'ಏನ್ ಕೇಳಿದ್ರು? ನೀನೇನ್ ಹೇಳ್ದೆ? ನಾನು ಹೊಡೆದಿದ್ದು ಹೇಳಿದ್ಯಾ?' ಮುಂದಿನ ವಾರ ಆ ಮಗು ಒಳಗೆ ಬಾಯಿ ಬಿಡುವುದಿಲ್ಲ. ಇತ್ತ ಅಪ್ಪ ಚಿಕಿತ್ಸಕರಿಗೆ ಫೋನ್ ಮಾಡಿ, 'ಫೀಸು ಕೊಡೋರು ನಾವು, ನಮ್ಮ ಮಗ ಏನು ಹೇಳಿದ ಅಂತ ನಮಗೆ ಹೇಳ್ಬೇಕಲ್ವಾ?' ಎನ್ನುತ್ತಾರೆ. ಪ್ರಶ್ನೆಯಲ್ಲಿ ನ್ಯಾಯವಿಲ್ಲದೇ ಇಲ್ಲ. ಕಾಯ್ದೆ ಒಂದು ಕಡೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ, ಇನ್ನೊಂದು ಕಡೆ ರೋಗ ಏನು, ಚಿಕಿತ್ಸೆ ಏನು ಎಂದು ತಿಳಿದುಕೊಳ್ಳುವ ಹಕ್ಕನ್ನು ನಾಮನಿರ್ದೇಶಿತ ಪ್ರತಿನಿಧಿಗೂ ಕೊಟ್ಟಿದೆ. ಗೆರೆ ಎಳೆಯಬೇಕಾದದ್ದು ಇವೆರಡರ ನಡುವೆ.

ಅನುಭವಸ್ಥ ಚಿಕಿತ್ಸಕರು ಎಳೆಯುವ ಗೆರೆ ಸಾಮಾನ್ಯವಾಗಿ ಹೀಗಿರುತ್ತದೆ. ತೊಂದರೆಯ ಹೆಸರು, ಚಿಕಿತ್ಸೆಯ ಗುರಿ, ಸುಧಾರಣೆ ಎಷ್ಟಾಗಿದೆ, ಮನೆಯಲ್ಲಿ ಏನು ಬದಲಾಗಬೇಕು ಎಂಬುದೆಲ್ಲ ಪೋಷಕರಿಗೆ ಸಲ್ಲುತ್ತದೆ. ಮಗು ಆಡಿದ ಮಾತು, ಬಿಡಿಸಿದ ಚಿತ್ರ, ಗೊಂಬೆಯ ಬಾಯಲ್ಲಿ ಹೇಳಿಸಿದ್ದು ಮಗುವಿನ ಬಳಿಯೇ ಉಳಿಯುತ್ತದೆ. ಕೊನೆಯ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಏನನ್ನು ಹೇಳೋಣ ಎಂದು ಅದಕ್ಕೂ ಮೊದಲು ಮಗುವನ್ನೇ ಕೇಳಿರುತ್ತಾರೆ. ಈ ಗೆರೆಯನ್ನು ಪೋಷಕರು ಮೊದಲ ದಿನವೇ ಒಪ್ಪಿರಬೇಕು. ಐದನೇ ವಾರ, ಮಗಳು ಏನೋ ಮುಚ್ಚಿಡುತ್ತಿದ್ದಾಳೆ ಎಂಬ ಗುಮಾನಿ ಎದ್ದ ಮೇಲೆ ಈ ಮಾತು ತೆಗೆದರೆ ಅದು ಜಗಳವಾಗುತ್ತದೆ.

ಗೋಪ್ಯತೆಗೂ ಮಿತಿಯಿದೆ, ಅದನ್ನು ಮಗುವಿಗೂ ಹೇಳಿರಬೇಕು. ಪ್ರಾಣಕ್ಕೆ ಅಪಾಯ ಕಂಡರೆ, ಬೇರೆಯವರಿಗೆ ಹಾನಿಯಾಗುವ ಸಂಭವವಿದ್ದರೆ, ನ್ಯಾಯಾಲಯ ಆದೇಶಿಸಿದರೆ ಚಿಕಿತ್ಸಕರು ಸುಮ್ಮನಿರುವಂತಿಲ್ಲ. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಪೋಷಕರು ಬೇಡವೆಂದರೂ, 'ಮನೆ ಮರ್ಯಾದೆ ಹೋಗುತ್ತೆ' ಎಂದು ಕಾಲು ಹಿಡಿದರೂ ಈ ಹೊಣೆ ತಪ್ಪುವುದಿಲ್ಲ. ಆರೋಪಿ ಮನೆಯೊಳಗಿನವನೇ ಆಗಿರುವ ಸಾಧ್ಯತೆ ಇರುವುದರಿಂದ ಈ ಕಠಿಣತೆ ಸರಿಯಾದದ್ದೇ.

ಆದರೆ ಇದೇ ನಿಯಮ ಇನ್ನೊಂದು ಕಡೆ ಮಕ್ಕಳನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಪಿಯುಸಿ ಓದುವ, ಹದಿನೇಳರ ಹುಡುಗಿ ತನ್ನ ಗೆಳೆಯನ ಜೊತೆಗಿನ ದೈಹಿಕ ಸಂಬಂಧದ ಬಗ್ಗೆ ಚಿಕಿತ್ಸಕರಲ್ಲಿ ಹೇಳಿಕೊಳ್ಳುತ್ತಾಳೆ ಎಂದುಕೊಳ್ಳಿ. ಅವಳ ಪಾಲಿಗೆ ಅದು ಪ್ರೀತಿ. ಕಾನೂನಿನ ಕಣ್ಣಲ್ಲಿ 18 ತುಂಬದವರ ಸಮ್ಮತಿಗೆ ಬೆಲೆಯಿಲ್ಲ, ಆದ್ದರಿಂದ ಅದು ಅಪರಾಧ. ಚಿಕಿತ್ಸಕರ ಕೈ ಕಟ್ಟಿಹೋಗುತ್ತದೆ. ಈ ಸಂಕಟಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಒಂದನ್ನು ಮಾತ್ರ ಒತ್ತಿ ಹೇಳಬಲ್ಲೆ: ಯಾವ ಮಾತು ಈ ಕೋಣೆಯಿಂದ ಆಚೆ ಹೋಗಬೇಕಾಗುತ್ತದೆ ಎಂಬುದು ಅವಳು ಬಾಯಿ ತೆರೆಯುವ ಮುಂಚೆ ಅವಳಿಗೆ ಗೊತ್ತಿರಬೇಕು. 'ನನ್ನನ್ನ ನಂಬು, ಏನು ಬೇಕಾದ್ರೂ ಹೇಳು' ಎಂದು ಕರೆದು, ಹೇಳಿದ ಮೇಲೆ ಪೊಲೀಸ್ ಠಾಣೆಯ ದಾರಿ ತೋರಿಸಿದರೆ ಆ ಮಗು ಮತ್ತೆ ಯಾವ ದೊಡ್ಡವರನ್ನೂ ನಂಬುವುದಿಲ್ಲ.

ಮಗುವಿನ ಸ್ವಂತ ಒಪ್ಪಿಗೆಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಇದು ಹೊಸ ಪ್ರಶ್ನೆಯೇನಲ್ಲ. 1900ರಲ್ಲಿ ವಿಯೆನ್ನಾದಲ್ಲಿ ಒಬ್ಬ ತಂದೆ ಹದಿನೆಂಟರ ಹೊಸ್ತಿಲಲ್ಲಿದ್ದ ಮಗಳನ್ನು ಸಿಗ್ಮಂಡ್ ಫ್ರಾಯ್ಡ್ ಬಳಿ ಕರೆತಂದ. ತನ್ನೊಂದಿಗೆ ತಂದೆಯ ಸ್ನೇಹಿತ ಅಸಭ್ಯವಾಗಿ ವರ್ತಿಸಿದನೆಂದು ಆಕೆ ಹೇಳಿದ್ದನ್ನು ತಂದೆ ನಂಬಿರಲಿಲ್ಲ. ಮಗಳ ತಲೆಯಿಂದ ಆ 'ಕಲ್ಪನೆ'ಯನ್ನು ಫ್ರಾಯ್ಡ್ ತೆಗೆದುಹಾಕಲಿ ಎಂಬುದೇ ಆತನ ನಿರೀಕ್ಷೆಯಾಗಿತ್ತು. ಮೂರು ತಿಂಗಳೊಳಗೆ, ವರ್ಷದ ಕೊನೆಯ ದಿನ, ಆಕೆಯೇ ಚಿಕಿತ್ಸೆ ನಿಲ್ಲಿಸಿ ಎದ್ದು ಹೋದಳು. 'ಡೋರಾ' ಎಂಬ ಹೆಸರಿನಲ್ಲಿ ಫ್ರಾಯ್ಡ್ 1905ರಲ್ಲಿ ಪ್ರಕಟಿಸಿದ ಆ ಪ್ರಕರಣ ಮನೋಚಿಕಿತ್ಸೆಯ ಚರಿತ್ರೆಯಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಒಪ್ಪಿಗೆ ಅಪ್ಪನದು, ಉದ್ದೇಶವೂ ಅಪ್ಪನದು. ಮಗಳಿಗೆ ಏನು ಬೇಕಿತ್ತೆಂದು ಮೊದಲು ಕೇಳಿದ್ದರೆ ಬಹುಶಃ ತನ್ನ ಮಾತನ್ನು ಯಾರಾದರೂ ನಂಬಲಿ ಎನ್ನುತ್ತಿದ್ದಳೇನೋ.

ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ವೈದ್ಯಕೀಯ ಸಂಶೋಧನೆಯಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಬೇಕಾದರೆ ಪೋಷಕರ ಸಹಿಯ ಜೊತೆಗೆ 7ರಿಂದ 12 ವರ್ಷದವರ ಬಾಯಿಮಾತಿನ ಒಪ್ಪಿಗೆ, 12ರಿಂದ 18ರವರ ಲಿಖಿತ ಒಪ್ಪಿಗೆ ಬೇಕೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಸಂಶೋಧನೆಗೆ ಇಷ್ಟು ಜೋಪಾನ ಮಾಡುವವರು ಚಿಕಿತ್ಸೆಗೂ ಅದೇ ಮೆಟ್ಟಿಲನ್ನು ಬಳಸಲು ಅಡ್ಡಿಯೇನಿದೆ?

ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ತಾವು ಎಲ್ಲಿಗೆ ಹೊರಟಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಲಾಲ್‌ಬಾಗಿಗೆ ಹೋಗೋಣ ಎಂದು ಹೊರಡಿಸಿ ಆಸ್ಪತ್ರೆಯ ಮುಂದೆ ಆಟೋ ನಿಲ್ಲಿಸುತ್ತಾರೆ. ಸುಳ್ಳಿನಿಂದ ಶುರುವಾದ ಚಿಕಿತ್ಸೆಯಲ್ಲಿ ನಿಜ ಹೇಳು ಎಂದು ಮಗುವನ್ನು ಕೇಳುವುದು ಹೇಗೆ? ಎಂಟು ವರ್ಷದವನಿಗೆ ದೊಡ್ಡ ವಿವರಣೆಯೇನೂ ಬೇಡ. ಒಳ್ಳೆಯ ಚಿಕಿತ್ಸಕರು ಅವನ ಎತ್ತರಕ್ಕೆ ಕೂತು ಹೇಳುವುದು ಇಷ್ಟೇ: 'ನಾನು ಚುಚ್ಚೋ ಡಾಕ್ಟ್ರಲ್ಲ. ರಾತ್ರಿ ನಿನಗೆ ಭಯ ಆಗುತ್ತೆ ಅಂತ ಅಮ್ಮ ಹೇಳಿದ್ರು. ನಾವಿಬ್ರೂ ಆಟ ಆಡ್ತಾ, ಚಿತ್ರ ಬಿಡಿಸ್ತಾ ಆ ಭಯದ ಬಗ್ಗೆ ಮಾತಾಡೋಣ. ಬೇಡ ಅನ್ಸಿದಾಗ ಸಾಕು ಅಂತ ಹೇಳ್ಬಹುದು. ನಿನಗೆ ಪೆಟ್ಟಾಗೋ ವಿಷಯ ಇದ್ರೆ ಮಾತ್ರ ಅಮ್ಮಂಗೆ ಹೇಳ್ತೀನಿ. ಆಗ್ಬಹುದಾ?' ಅವನು ತಲೆಯಾಡಿಸಬಹುದು, 'ಬೇಡ' ಎನ್ನಲೂಬಹುದು. ಆ ಬೇಡವನ್ನು ಒಂದು ವಾರ ಗೌರವಿಸಿದರೆ ಎರಡನೇ ವಾರ ಅವನೇ ಬಣ್ಣದ ಪೆನ್ಸಿಲ್ ಕೇಳುವುದುಂಟು. ಆದರೆ ಜೀವಕ್ಕೇ ಅಪಾಯವಿರುವಾಗ ಮಗುವಿನ 'ಬೇಡ'ಕ್ಕೆ ಕಾಯಲಾಗದು. ತುರ್ತು ಚಿಕಿತ್ಸೆಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಬೇರೆಯೇ ಅವಕಾಶವಿದೆ.

ಅಪ್ಪ ಅಮ್ಮ ಬೇರೆಯಾಗುತ್ತಿರುವ ಮನೆಗಳಲ್ಲಿ ಈ ಸಹಿ ಹತ್ತಾರು ಪಟ್ಟು ಜಟಿಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ತಂದೆಯನ್ನು ಸಹಜ ಪೋಷಕ ಎಂದು ಹೇಳಿ, ತಾಯಿಯನ್ನು ಅವನ ನಂತರ ಇಟ್ಟಿತ್ತು. ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಶಾಲವಾಗಿ ಅರ್ಥೈಸಿ, ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದಾಗ ತಾಯಿಯೇ ಸಹಜ ಪೋಷಕಿಯಾಗಬಲ್ಲಳು ಎಂದಿತು. ಚಿಕಿತ್ಸಕರ ಮಟ್ಟಿಗೆ ಸುರಕ್ಷಿತ ದಾರಿಯೆಂದರೆ, ನ್ಯಾಯಾಲಯದ ಆದೇಶವಿದ್ದರೆ ಅದರ ಪ್ರತಿ ನೋಡುವುದು, ಇಲ್ಲವಾದರೆ ಸಾಧ್ಯವಿದ್ದಷ್ಟೂ ಇಬ್ಬರಿಗೂ ವಿಷಯ ತಿಳಿಸುವುದು. ಇದಕ್ಕಿಂತ ನೋವಿನ ಸಂಗತಿ ಮತ್ತೊಂದಿದೆ. ಕೆಲವರು ಮಗುವನ್ನು ಕರೆತರುವುದು ಇನ್ನೊಬ್ಬರ ವಿರುದ್ಧ ಸಾಕ್ಷ್ಯ ಕಲೆಹಾಕಲು. 'ಅಪ್ಪನ ಹತ್ರ ಹೋಗೋಕೆ ಇಷ್ಟವಿಲ್ಲ ಅಂತ ಒಂದು ರಿಪೋರ್ಟ್ ಕೊಡಿ ಸರ್' ಎಂಬ ಬೇಡಿಕೆ ಎರಡನೇ ಭೇಟಿಯಲ್ಲೇ ಬರುತ್ತದೆ. ಚಿಕಿತ್ಸೆ ಕೊಡುವವರು ಬೇರೆ, ಕಸ್ಟಡಿ ಯಾರಿಗಿರಬೇಕೆಂದು ಅಭಿಪ್ರಾಯ ಕೊಡುವವರು ಬೇರೆ. ಈ ಮಾತು ಒಪ್ಪಿಗೆಯ ಕಾಗದದಲ್ಲಿ ಬರಹದಲ್ಲೇ ಇರಬೇಕು.

ಕಾಗದದಲ್ಲಿ ಹೆಸರೇ ಇಲ್ಲದ ಪೋಷಕರೂ ನಮ್ಮಲ್ಲಿದ್ದಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಊರಲ್ಲಿ ಅಜ್ಜ ಅಜ್ಜಿಯ ಬಳಿ ಬೆಳೆಯುತ್ತಾರೆ. ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆತರುವುದು ಅಜ್ಜಿ, ಕಾನೂನು ಕೇಳುವುದು ಅಪ್ಪನನ್ನು. ಫೋನಿನಲ್ಲಿ ಅಪ್ಪನಿಗೆ ವಿವರಿಸಿ, ಆತನ ಒಪ್ಪಿಗೆಯನ್ನು ದಿನಾಂಕದ ಸಮೇತ ಫೈಲಿನಲ್ಲಿ ಬರೆದುಕೊಂಡು, ಅಜ್ಜಿಗೂ ಅಷ್ಟನ್ನೇ ತಿಳಿಹೇಳುವ ವೈದ್ಯರನ್ನು ಕಂಡರೆ ಗೌರವ ಬರುತ್ತದೆ. ಮೊದಲ ಮಾತಿಗೆ ಯಾರ ಸಹಿಯೂ ಬೇಕಿಲ್ಲ: 2022ರ ಅಕ್ಟೋಬರಿನಲ್ಲಿ ಶುರುವಾದ, ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಮಕ್ಕಳ ಸಹಾಯವಾಣಿ 1098.

ಎದುರಿಗೆ ಕೂತವರು ಯಾರು ಎಂದು ಕೇಳುವುದಕ್ಕೂ ಸಂಕೋಚ ಬೇಡ. ಕೌನ್ಸೆಲರ್ ಎಂಬ ಬೋರ್ಡನ್ನು ಇಂದು ಯಾರು ಬೇಕಾದರೂ ನೇತುಹಾಕಿಕೊಳ್ಳುತ್ತಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ನೋಂದಣಿ ಇರಬೇಕು. ಮನೋವೈದ್ಯರಾದರೆ ವೈದ್ಯಕೀಯ ಮಂಡಳಿಯ ನೋಂದಣಿ. ಆ ಸಂಖ್ಯೆಯನ್ನು ಕೇಳುವುದು ಅವಮಾನ ಮಾಡಿದಂತಲ್ಲ. ಸರಿಯಾದವರು ಸಂತೋಷದಿಂದಲೇ ತೋರಿಸುತ್ತಾರೆ.

ಹದಿನಾರಕ್ಕೆ ಚಿಕಿತ್ಸೆ ಶುರು ಮಾಡಿದ ಹುಡುಗಿ ನಡುವೆಯೇ ಒಂದು ದಿನ ಹದಿನೆಂಟಕ್ಕೆ ಕಾಲಿಡುತ್ತಾಳೆ. ಅಂದಿಗೆ ಅಪ್ಪ ಹಾಕಿದ ಹಳೆಯ ಸಹಿಯ ಅವಧಿ ಮುಗಿಯುತ್ತದೆ. ಚಿಕಿತ್ಸೆ ಮುಂದುವರಿಸಬೇಕಾದರೆ ಅವಳೇ ಒಪ್ಪಿ ಸಹಿ ಹಾಕಬೇಕು. ತನ್ನ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ಒಂದು ಬಿಳಿ ಹಾಳೆಯ ಮೇಲೆ ಬರೆದುಕೊಡುವ ಹಕ್ಕೂ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅವಳದೇ. ಅದು ಅಮ್ಮನ ಹೆಸರಾಗಬಹುದು, ಅಕ್ಕನದಾಗಬಹುದು, ವಯಸ್ಸಿಗೆ ಬಂದ ಗೆಳತಿಯದೂ ಆಗಬಹುದು. ಫೀಸು ಕಟ್ಟುವವರು ಅಪ್ಪನೇ ಆಗಿದ್ದರೂ ಅವರಿಗೆ ಏನು ತಿಳಿಸಬೇಕೆಂದು ಇನ್ನು ಅವಳನ್ನೇ ಕೇಳಬೇಕು. ಈ ಬದಲಾವಣೆ ದಿಢೀರನೆ ಎದುರಾಗಿ ಮನೆಯವರು ತಬ್ಬಿಬ್ಬಾಗದಿರಲೆಂದು, ಹುಟ್ಟುಹಬ್ಬಕ್ಕೆ ಕೆಲವು ತಿಂಗಳಿರುವಾಗಲೇ ಮೂವರನ್ನೂ ಕೂರಿಸಿಕೊಂಡು ಮಾತು ತೆಗೆಯುವ ಚಿಕಿತ್ಸಕರಿದ್ದಾರೆ. ಉಳಿದವರೂ ಇದನ್ನು ರೂಢಿಸಿಕೊಳ್ಳಬೇಕು.